ಹಳೆಯ ಕೊಳವೆ, ಹೊಸ ಯಂತ್ರ, ನಮ್ಮೂರ ನೀರು

ಮಹಾನವಮಿಯ ದಿನ ನಮ್ಮ ದೇವರಗುಡ್ಡದಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾರೆ. ನುಡಿಯುವುದು ಒಂದೇ ವಾಕ್ಯ. ಆದರೆ ಜನ ಗುಡ್ಡ ಇಳಿಯುವಷ್ಟರಲ್ಲಿ ಆ ವಾಕ್ಯಕ್ಕೆ ನೂರು ಅರ್ಥಗಳು ಹುಟ್ಟಿರುತ್ತವೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಬೆಳೆಗಾರರು ಅದರಲ್ಲಿ ದರವನ್ನು ಕಾಣುತ್ತಾರೆ. ಗೋವಿನಜೋಳದವರು ಮಳೆಯನ್ನು ಕಾಣುತ್ತಾರೆ. ರಾಜಕೀಯದವರು ಕುರ್ಚಿಯನ್ನು ಕಾಣುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಕಾರಣಿಕದ ಸೊಗಸು ಇರುವುದೇ ಅಲ್ಲಿ. ಆದರೆ ಕುಡಿಯುವ ನೀರಿನ ಪರೀಕ್ಷಾ ವರದಿಯೂ ಒಂದು ಸಾಲಿನ ಕಾರಣಿಕದಂತೆ ನಮ್ಮ ಕೈಗೆ ಬರುವುದಾದರೆ, ಅದನ್ನು ನಾವು ಒಪ್ಪಬೇಕೆ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಒಂದು ಹಳೆಯ ಕೊಳವೆಯ ದೆಸೆಯಿಂದ.

ಮಹಾನವಮಿಯಂದೇ ಆಯುಧಪೂಜೆ. ರೈತರು ಕುಂಟೆ, ಕೂರಿಗೆ, ಟ್ರ್ಯಾಕ್ಟರುಗಳನ್ನು ತೊಳೆದು ಪೂಜಿಸುವ ಹೊತ್ತಿನಲ್ಲಿ ನಾವು ಪ್ರಯೋಗಾಲಯದವರೂ ನಮ್ಮ ಸಲಕರಣೆಗಳನ್ನು ಒರೆಸಿ ಕುಂಕುಮ ಹಚ್ಚುತ್ತೇವೆ. 2021ರ ಆಯುಧಪೂಜೆಯಂದು, ನಾನಾಗ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ಕಪಾಟಿನ ಕೆಳಗಿನ ಖಾನೆಯಲ್ಲಿ ಗೇಣಿಗಿಂತ ತುಸು ಉದ್ದದ, ಬೆರಳಿನಷ್ಟು ದಪ್ಪದ ಒಂದು ಕೊಳವೆ ಸಿಕ್ಕಿತು. ಗುಜರಿಗೆ ಹೋದ ಹಳೆಯ ಯಂತ್ರವೊಂದರ ಕಾಲಮ್ ಅದು. ಅದಕ್ಕೂ ಕುಂಕುಮ ಹಚ್ಚಿದ ನಮ್ಮ ಸಹಾಯಕರು, "ಇದಕ್ಕ ಇನ್ನೂ ಜೀವ ಐತೇನ್ರಿ ಸರ?" ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಕಲಿಯಲು ನನಗೆ ಒಂದು ತಪ್ಪೇ ಬೇಕಾಯಿತು.

ಮೊದಲಿಗೆ ಈ ಕೊಳವೆ ಏನೆಂಬುದನ್ನು ಹೇಳಬೇಕು. ನೀರಿನಲ್ಲಿ ಕರಗಿದ ಲವಣಗಳು ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳಾಗಿ ಇರುತ್ತವೆ. ಫ್ಲೋರೈಡ್, ಕ್ಲೋರೈಡ್, ನೈಟ್ರೇಟ್, ಸಲ್ಫೇಟ್ ಇವೆಲ್ಲ ಋಣ ಅಯಾನುಗಳು. ಇವು ಒಂದೇ ಹನಿಯಲ್ಲಿ ಬೆರೆತಿರುವಾಗ ಯಾವುದು ಎಷ್ಟಿದೆ ಎಂದು ಅಳೆಯಬೇಕಾದರೆ ಮೊದಲು ಅವನ್ನು ಬಿಡಿಸಬೇಕು. ಬಿಡಿಸುವ ಉಪಾಯದ ಮೂಲಪುರುಷ ಒಬ್ಬ ಸಸ್ಯವಿಜ್ಞಾನಿ, ರಷ್ಯಾದ ಮಿಖಾಯಿಲ್ ತ್ಸ್ವೆತ್. ಎಲೆಯ ಬಣ್ಣಗಳನ್ನು ಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಹರಿಸಿ ಬೇರೆಬೇರೆ ಪಟ್ಟಿಗಳಾಗಿ ಬಿಡಿಸಿದ ಆತ 1906ರಲ್ಲಿ ಆ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟ. ನಮ್ಮ ಪಠ್ಯಪುಸ್ತಕಗಳು ಅದನ್ನು ವರ್ಣರೇಖನ ಎನ್ನುತ್ತವೆ. ಅಮೆರಿಕದ ಡೌ ಕೆಮಿಕಲ್ ಕಂಪನಿಯಲ್ಲಿದ್ದ ಹ್ಯಾಮಿಶ್ ಸ್ಮಾಲ್, ಟಿಮೊತಿ ಸ್ಟೀವನ್ಸ್ ಮತ್ತು ವಿಲಿಯಂ ಬಾವ್‌ಮನ್ ಅಯಾನುಗಳನ್ನು ಬಿಡಿಸಿ ಅಳೆಯುವ ಆಧುನಿಕ ವಿಧಾನವನ್ನು 1975ರಲ್ಲಿ ಪ್ರಕಟಿಸಿದರು. ಇದೇ ಅಯಾನು ವರ್ಣರೇಖನ. ಅದೇ ವರ್ಷ ಡಯೋನೆಕ್ಸ್ ಎಂಬ ಕಂಪನಿ ಅದರ ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. 2011ರಲ್ಲಿ ಆ ಕಂಪನಿಯನ್ನು ಥರ್ಮೋ ಫಿಷರ್ ಕೊಂಡುಕೊಂಡಿತು.

ಕಾಲಮ್‌ನ ಕೆಲಸ ತಿಳಿಯಲು ಜಾತ್ರೆಯ ದಿನ ಗುಡ್ಡದ ಮೆಟ್ಟಿಲು ಹತ್ತುವ ಜನರನ್ನು ನೆನೆಯಿರಿ. ಎಲ್ಲರೂ ಕೆಳಗಿನಿಂದ ಒಟ್ಟಿಗೇ ಹೊರಡುತ್ತಾರೆ. ಯಾವ ಅಂಗಡಿಯ ಮುಂದೆಯೂ ನಿಲ್ಲದವರು ಮೊದಲು ಮೇಲೆ ತಲಪುತ್ತಾರೆ. ಬಳೆ, ಬೆಂಡು, ಬತ್ತಾಸು ಎಂದು ಪ್ರತಿ ಅಂಗಡಿಗೂ ಹಣಕುವವರು ಕೊನೆಗೆ ಬರುತ್ತಾರೆ. ಕೊಳವೆಯೊಳಗೆ ಒತ್ತೊತ್ತಾಗಿ ತುಂಬಿರುವ ರಾಳದ ಸಣ್ಣ ಮಣಿಗಳೇ ಈ ಅಂಗಡಿಗಳು. ಅವುಗಳ ಮೇಲೆ ಧನ ಆವೇಶದ ನೆಲೆಗಳಿವೆ. ಫ್ಲೋರೈಡ್ ಅವಕ್ಕೆ ಹೆಚ್ಚು ಅಂಟಿಕೊಳ್ಳದೆ ಮೊದಲು ಹೊರಬರುತ್ತದೆ. ಅನಂತರ ಕ್ಲೋರೈಡ್, ನೈಟ್ರೇಟ್. ಎರಡು ಆವೇಶ ಹೊತ್ತ ಸಲ್ಫೇಟ್ ಕೊನೆಗೆ. ಜನರನ್ನು ಮೇಲಕ್ಕೆ ನೂಕುವ ಕೆಲಸವನ್ನು ಕಾರ್ಬೊನೇಟ್ ಅಥವಾ ಹೈಡ್ರಾಕ್ಸೈಡ್ ಕರಗಿಸಿದ ವಾಹಕ ದ್ರವ ಮಾಡುತ್ತದೆ. ಮುಂದೆ ಸಪ್ರೆಸರ್ ಎಂಬ ಭಾಗ ಆ ದ್ರವದ ವಿದ್ಯುದ್ವಾಹಕತೆಯನ್ನು ತಗ್ಗಿಸುವುದರಿಂದ ಅಯಾನುಗಳ ದನಿ ಮಾತ್ರ ಯಂತ್ರಕ್ಕೆ ಸ್ಪಷ್ಟವಾಗಿ ಕೇಳಿಸುತ್ತದೆ. ಒಂದೊಂದು ಅಯಾನೂ ಹೊರಬಂದಾಗ ಪರದೆಯ ಮೇಲೆ ಒಂದೊಂದು ಶಿಖರ ಏಳುತ್ತದೆ. ಶಿಖರ ಎದ್ದ ಹೊತ್ತು ಅದು ಯಾರೆಂದು ಹೇಳುತ್ತದೆ. ಅದರ ವಿಸ್ತಾರ ಎಷ್ಟೆಂದು ಹೇಳುತ್ತದೆ.

ಇಷ್ಟೆಲ್ಲ ನಮಗೇಕೆ ಎನ್ನುವಿರಾ? ನಮ್ಮ ಹಳ್ಳಿಗಳು ಕೊಳವೆಬಾವಿಗೆ ಮೊರೆಹೋಗಿ ದಶಕಗಳೇ ಕಳೆದಿವೆ. ಬಾವಿ ಆಳಕ್ಕಿಳಿದಂತೆ ನೀರು ಕಲ್ಲಿನೊಡನೆ ಹೆಚ್ಚು ಕಾಲ ಕಳೆದಿರುತ್ತದೆ. ಕಲ್ಲಿನಲ್ಲಿ ಫ್ಲೋರೈಡ್ ಖನಿಜವಿದ್ದರೆ ಅದು ನೀರಿಗಿಳಿಯುತ್ತದೆ. ನಮ್ಮ ದೇಶದಲ್ಲಿ ಫ್ಲೋರೈಡ್ ಬಾಧೆಯನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ನೆರೆಯ ಗದಗ ಜಿಲ್ಲೆಯ ಮುಂಡರಗಿ ಸೀಮೆಯ ಸಂಕಟ ನಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದ ಭಾಗಗಳಿರುವ ಜಿಲ್ಲೆಗಳ ಪೈಕಿ ಕೇಂದ್ರ ಅಂತರ್ಜಲ ಮಂಡಳಿ ಹಾವೇರಿಯನ್ನೂ ಎಣಿಸಿದೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ನೈಟ್ರೇಟ್ ಮಿತಿ 45 ಮಿಲಿಗ್ರಾಂ. ಅದಕ್ಕೆ ರಿಯಾಯಿತಿಯೇ ಇಲ್ಲ. ಹೊಲಕ್ಕೆ ಸುರಿದ ಯೂರಿಯಾ, ತಿಪ್ಪೆ, ಶೌಚಗುಂಡಿಗಳಿಂದ ಇಳಿಯುವ ನೈಟ್ರೇಟ್ ಹಸುಗೂಸುಗಳ ರಕ್ತದಲ್ಲಿ ಆಮ್ಲಜನಕದ ಸಾಗಾಟವನ್ನೇ ಕೆಡಿಸಬಲ್ಲದು.

ಈ ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ತಿಳಿಯುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತದೆ. ಆದ್ದರಿಂದ ನಾವು ನಂಬಬೇಕಾದದ್ದು ಒಂದು ಅಂಕಿಯನ್ನು. ಆ ಅಂಕಿ ಬರುವುದು ಕೊಳವೆಯಿಂದ.

ಇನ್ನು ಹಳೆಯ ಕೊಳವೆಯ ಮಾತು. ನಮ್ಮ ಕಡೆಯ ಕೊಳವೆಬಾವಿಯ ನೀರು ಗಡಸು. ಕಾರ್ಬೊನೇಟ್ ವಾಹಕ ದ್ರವ ಹರಿಯುವ ಕಾಲಮ್‌ಗೆ ಕ್ಯಾಲ್ಸಿಯಂ ತುಂಬಿದ ನೀರನ್ನು ನೇರವಾಗಿ ಬಿಟ್ಟರೆ, ಹಂಡೆಯ ತಳದಲ್ಲಿ ಸುಣ್ಣ ಕಟ್ಟುವಂತೆ ಕಾಲಮ್‌ನ ಬಾಯಲ್ಲೇ ಸುಣ್ಣ ಕಟ್ಟುತ್ತದೆ. ಹೀಗಾಗಿ ಕೆಲವೇ ತಿಂಗಳಲ್ಲಿ ಹೊಸ ಕಾಲಮ್ ಕಟ್ಟಿಕೊಂಡು ಕೂರುವುದುಂಟು. ಒಂದು ಕಾಲಮ್‌ನ ಬೆಲೆ ಹೆಚ್ಚುಕಡಿಮೆ ಒಂದು ಜೋಡಿ ಎತ್ತಿನ ಬೆಲೆ. ಅನುದಾನ ಬರುವುದು ಮುಂದಿನ ವರ್ಷ. ನೀರಿನ ಬಾಟಲಿಗಳು ಮಾತ್ರ ವರ್ಷಕ್ಕಾಗಿ ಕಾಯುವುದಿಲ್ಲ. ಆಗ ಕಪಾಟಿನಲ್ಲಿರುವ ಹಳೆಯ ಕಾಲಮ್ ನೆನಪಾಗುತ್ತದೆ.

ಇಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಮಾರಾಟಗಾರರು, "ಹಳೆಯದನ್ನು ಎಸೆಯಿರಿ, ಹೊಸ ಯಂತ್ರಕ್ಕೆ ಹೊಸದೇ ಬೇಕು" ಎನ್ನುತ್ತಾರೆ. ನಮ್ಮಂಥ ಪರಿಸರವಾದಿಗಳು, "ಇರುವುದನ್ನು ಬಳಸಿ, ಕಸ ಹೆಚ್ಚಿಸಬೇಡಿ, ಹೇಗೋ ಹೊಂದಿಸಿಕೊಳ್ಳಿ" ಎನ್ನುತ್ತೇವೆ. ಮೊದಲನೆಯದು ಅರ್ಧ ಸುಳ್ಳು. ಅದನ್ನು ನಾವೆಲ್ಲ ಬಲ್ಲೆವು. ಎರಡನೆಯದೂ ಅರ್ಧ ಸುಳ್ಳು ಎಂಬುದನ್ನು ಹೇಳಲೆಂದೇ ನಾನು ಈ ಲೇಖನ ಬರೆಯುತ್ತಿದ್ದೇನೆ.

2022ರ ಬೇಸಿಗೆಯಲ್ಲಿ ನಮ್ಮ ಹೊಸ ಯಂತ್ರದ ಕಾಲಮ್ ಕಟ್ಟಿಕೊಂಡಿತು. ಆಯುಧಪೂಜೆಯಂದು ಕುಂಕುಮ ಕಂಡಿದ್ದ ಹಳೆಯ ಕಾಲಮ್ ಹೊರಬಂತು. ತಿರುಪು ಸರಿಯಾಗಿ ಕೂಡಿತು. ಈ ಜಾತಿಯ ಕಾಲಮ್‌ಗಳ ತಿರುಪಿನ ಅಳತೆ ದಶಕಗಳಿಂದ ಒಂದೇ ಆಗಿ ಉಳಿದಿದೆ. ನಾವು ಮೋಸಹೋಗುವುದೂ ಅಲ್ಲಿಯೇ. ತಿರುಪು ಕೂಡಿದ ಮಾತ್ರಕ್ಕೆ ಹೊಂದಾಣಿಕೆ ಕೂಡಿತೆಂದು ತಿಳಿದೆವು. ಹೊಸ ಕಾಲಮ್‌ಗಾಗಿ ಕಲಸಿಟ್ಟಿದ್ದ ವಾಹಕ ದ್ರವವನ್ನೇ ಹರಿಸಿದೆವು. ಹೊಸ ಕಾಲಮ್‌ಗಾಗಿ ಗಣಕದಲ್ಲಿ ಬರೆದಿಟ್ಟಿದ್ದ ಕ್ರಮವನ್ನೇ ತೆರೆದೆವು. ಶಿಖರಗಳು ಅಂದವಾಗಿಯೇ ಎದ್ದವು. ಕ್ಲೋರೈಡ್, ನೈಟ್ರೇಟ್, ಸಲ್ಫೇಟ್ ಎಂದಿಗಿಂತ ಬೇಗ ಬಂದದ್ದನ್ನು ಗಮನಿಸಿ, ಪ್ರಮಾಣಿತ ದ್ರಾವಣ ಬಿಟ್ಟು ಅವುಗಳ ಸಮಯ ಮತ್ತು ಅಳತೆಯನ್ನು ತಿದ್ದಿದೆವು. ಫ್ಲೋರೈಡ್ ಕಡೆಗೆ ನಮ್ಮ ಲಕ್ಷ್ಯ ಹೋಗಲಿಲ್ಲ. ಆ ಅಂಕಣದಲ್ಲಿ ಗಣಕ ಏನನ್ನೂ ತುಂಬಿರಲಿಲ್ಲ. ವರದಿಯಲ್ಲಿ ಅದು "ಪತ್ತೆಯಾಗಿಲ್ಲ" ಎಂದಾಯಿತು. ಕೆಳಗೆ ಸಹಿ ಹಾಕಿದವನು ನಾನೇ.

ವರದಿ ಹೋದ ಹದಿನೈದು ದಿನಕ್ಕೆ ಆ ಊರಿನ ಅಂಗನವಾಡಿಯ ಅಕ್ಕೋರು ಕಾಗದ ಹಿಡಿದು ಬಂದರು. "ಸರ, ನಮ್ಮ ಹುಡುಗ್ರ ಹಲ್ಲಿನ ಮ್ಯಾಲೆ ಕಂದು ಗೆರಿ ಅದಾವ್ರಿ. ನಿಮ್ಮ ಕಾಗದ ನೋಡಿದ್ರ ಫ್ಲೋರೈಡ್ ಇಲ್ಲಂತೈತಿ. ನಾವು ಹಲ್ಲು ನಂಬೂಣೋ, ಕಾಗದ ನಂಬೂಣೋ?"

ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಅದೇ ಬಾವಿಯ ನೀರಿಗೆ ಗೊತ್ತಿರುವಷ್ಟು ಫ್ಲೋರೈಡನ್ನು ನಾವೇ ಬೆರೆಸಿ ಯಂತ್ರಕ್ಕೆ ಬಿಟ್ಟೆವು. ವರದಿ ಮತ್ತೆ "ಇಲ್ಲ" ಎಂದಿತು. ನಾವೇ ಕೈಯಾರೆ ಹಾಕಿದ್ದನ್ನು ಇಲ್ಲವೆಂದ ಮೇಲೆ ಇನ್ನೇನು ಸಾಕ್ಷಿ ಬೇಕು? ಪರದೆಯನ್ನು ಹಿಗ್ಗಿಸಿ ನೋಡಿದರೆ ಫ್ಲೋರೈಡ್ ಶಿಖರ ಅಲ್ಲಿಯೇ ಇತ್ತು. ಗಣಕ ಅದನ್ನು ಹುಡುಕುತ್ತಿದ್ದ ಸಮಯಕ್ಕಿಂತ ಮುಂಚೆಯೇ, ನೀರಿನ ತಗ್ಗಿನ ಮಗ್ಗುಲಲ್ಲಿ ಎದ್ದಿತ್ತು. ಗಣಕ ಅದಕ್ಕೆ ಹೆಸರು ಹಚ್ಚಿರಲಿಲ್ಲ, ಅಷ್ಟೆ. "ಹೆಸರು ಹಚ್ಚಲಾಗಲಿಲ್ಲ" ಎಂಬುದನ್ನು ನಾವು "ನೀರಿನಲ್ಲಿ ಇಲ್ಲ" ಎಂದು ಓದಿದ್ದೆವು. ಫ್ಲೋರೈಡ್ ವಿದ್ಯುದಗ್ರದಿಂದ ಅಳೆದಾಗ ಆ ನೀರು 1.5ರ ಗೆರೆಯನ್ನು ದಾಟಿತ್ತು. ವರದಿಯನ್ನು ಹಿಂಪಡೆದು, ಊರಿಗೆ ಹೋಗಿ, ಅಂಗನವಾಡಿಯ ಮುಂದೆ ನಿಂತು ತಪ್ಪನ್ನು ಒಪ್ಪಿಕೊಂಡೆ.

ಆ ಕಾಲಮ್ ಕೆಟ್ಟಿರಲಿಲ್ಲ. ಯಂತ್ರವೂ ಕೆಟ್ಟಿರಲಿಲ್ಲ. ಕೆಟ್ಟದ್ದು ಎರಡರ ನಡುವಿನ ಸಂಬಂಧ. ಆದ್ದರಿಂದ ವಿದ್ಯಾರ್ಥಿ ಮಿತ್ರರು ಗಮನಿಸಬೇಕಾದ ಹೊಂದಾಣಿಕೆಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಒಳವ್ಯಾಸ. ಹಳೆಯ ಕಾಲಮ್‌ಗಳಲ್ಲಿ ಹೆಚ್ಚಿನವು 4 ಮಿಲಿಮೀಟರ್ ಒಳವ್ಯಾಸದವು. ಹೊಸ ಯಂತ್ರಗಳನ್ನು ಹಲವೆಡೆ 2 ಮಿಲಿಮೀಟರ್ ಕಾಲಮ್‌ಗೆ ಅಣಿಗೊಳಿಸಿರುತ್ತಾರೆ. ವ್ಯಾಸ ಅರ್ಧವಾದರೆ ಅಡ್ಡಕೊಯ್ತದ ವಿಸ್ತೀರ್ಣ ಕಾಲುಭಾಗವಾಗುತ್ತದೆ. ಹರಿವೂ ಕಾಲುಭಾಗಕ್ಕೆ ಇಳಿಯಬೇಕು. ಅಲ್ಲಿ ನಿಮಿಷಕ್ಕೆ 1.2 ಮಿಲಿಲೀಟರ್ ಇದ್ದರೆ ಇಲ್ಲಿ 0.3. ದೊಡ್ಡ ಕಾಲಮ್‌ಗೆ ಸಣ್ಣ ಹರಿವು ಕೊಟ್ಟರೆ ಎಲ್ಲ ಶಿಖರಗಳೂ ನಾಲ್ಕು ಪಟ್ಟು ತಡವಾಗಿ, ಅಗಲಗೊಂಡು ಬರುತ್ತವೆ. ಸಣ್ಣ ಕಾಲಮ್‌ಗೆ ದೊಡ್ಡ ಹರಿವು ಕೊಟ್ಟರೆ ಒತ್ತಡ ಮಿತಿಮೀರುತ್ತದೆ. ಸಪ್ರೆಸರ್ ಕೂಡ ಕಾಲಮ್‌ನ ಅಳತೆಯದೇ ಆಗಿರಬೇಕು. ಅದಕ್ಕೆ ಕೊಡುವ ವಿದ್ಯುತ್ತನ್ನು ಹರಿವಿಗೂ ದ್ರವದ ಸಾಂದ್ರತೆಗೂ ತಕ್ಕಂತೆ ಹೊಂದಿಸಬೇಕು.

ಎರಡನೆಯದು ವಾಹಕ ದ್ರವ. ಪ್ರತಿ ಕಾಲಮ್‌ಗೂ ಅದರದೇ ಹದವಿದೆ. ಡಯೋನೆಕ್ಸ್‌ನ ಹಳೆಯ ಎಎಸ್ 14 ಕಾಲಮ್‌ಗೆ ಹೇಳಿರುವ ಹದ 3.5 ಮಿಲಿಮೋಲಾರ್ ಕಾರ್ಬೊನೇಟ್, 1 ಮಿಲಿಮೋಲಾರ್ ಬೈಕಾರ್ಬೊನೇಟ್. ಅನಂತರದ ಎಎಸ್ 22ಕ್ಕೆ 4.5 ಮತ್ತು 1.4. ಹೊಸದರ ಗಾಢ ದ್ರವವನ್ನು ಹಳೆಯದಕ್ಕೆ ಹರಿಸಿದರೆ ಎಲ್ಲರೂ ಓಡೋಡಿ ಬರುತ್ತಾರೆ. ಮೊದಲೇ ಬರುವ ಫ್ಲೋರೈಡ್ ನೀರಿನ ತಗ್ಗಿಗೆ ಹೋಗಿ ತಾಗುತ್ತದೆ. ಮಾದರಿಯ ನೀರು ಹೊರಬರುವಾಗ ವಾಹಕತೆ ಕ್ಷಣಕಾಲ ಕುಸಿಯುವುದರಿಂದ ಉಂಟಾಗುವ ಇಳಿಜಾರೇ ಈ ತಗ್ಗು. ನಮ್ಮಲ್ಲಿ ಆದದ್ದು ಇದೇ. ಹೊಸ ಯಂತ್ರಗಳಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ವಾಹಕವನ್ನು ತಾನಾಗಿ ತಯಾರಿಸುವ ಸೌಕರ್ಯ ಇರುವುದುಂಟು. ಕಾರ್ಬೊನೇಟ್‌ಗಾಗಿ ಮಾಡಿದ ಹಳೆಯ ಕಾಲಮ್‌ಗೆ ಅದನ್ನು ಹರಿಸಿದರೆ ಸಲ್ಫೇಟ್, ಫಾಸ್ಫೇಟ್‌ಗಳು ಒಳಗೇ ತಡೆದು ನಿಂತು, ಮುಂದಿನ ಮಾದರಿಯ ಸರದಿಯಲ್ಲಿ ದೆವ್ವದಂತೆ ಕಾಣಿಸಿಕೊಳ್ಳಬಹುದು. ಒಂದೂರಿನ ಸಲ್ಫೇಟ್ ಇನ್ನೊಂದೂರಿನ ವರದಿಯಲ್ಲಿ ಎದ್ದೀತು.

ಮೂರನೆಯದು ಧಾರಣಶಕ್ತಿ. ಹಳೆಯ ಎಎಸ್ 4ಎ ಜಾತಿಯ ಕಾಲಮ್ ಒಂದಕ್ಕೆ ಸುಮಾರು 20 ಮೈಕ್ರೋಈಕ್ವಿವಲೆಂಟ್ ಅಯಾನುಗಳನ್ನು ಹಿಡಿಯುವ ಶಕ್ತಿ. ಎಎಸ್ 22ಕ್ಕೆ ಸುಮಾರು 210. ಹತ್ತು ಪಟ್ಟು ಅಂತರ. ಅಂದರೆ ಹಳೆಯ ಮೆಟ್ಟಿಲ ಪಕ್ಕದಲ್ಲಿ ಅಂಗಡಿಗಳೇ ಕಡಿಮೆ. ಕ್ಲೋರೈಡ್ ತುಂಬಿದ ಉಪ್ಪುನೀರನ್ನು ತೆಳುಗೊಳಿಸದೆ ಬಿಟ್ಟರೆ ಒಂದು ಶಿಖರ ಇನ್ನೊಂದನ್ನು ನುಂಗುತ್ತದೆ. ಇದಕ್ಕೆ ಮದ್ದು ಸುಲಭ: ಮಾದರಿಯನ್ನು ಸೋಸಿ, ಶುದ್ಧ ನೀರಿನಲ್ಲಿ ತೆಳುಗೊಳಿಸಿ, ಮುಂದೊಂದು ಕಾವಲು ಕಾಲಮ್ ಇಟ್ಟು ಬಿಡುವುದು.

ನಾಲ್ಕನೆಯದು ಒತ್ತಡ ಮತ್ತು ತೊಳೆತ. ಇತ್ತೀಚಿನ ಅಧಿಕ ಒತ್ತಡದ ಯಂತ್ರಗಳ ಪಂಪು 5,000ದಿಂದ 6,000 ಪಿಎಸ್‌ಐವರೆಗೂ ತಾಳಬಲ್ಲದು. ಹಳೆಯ ಕಾಲಮ್‌ಗಳ ತಾಳಿಕೆ ಅಷ್ಟಿಲ್ಲ. ಪಂಪಿನ ಮೇಲ್ಮಿತಿಯನ್ನು ಕಾಲಮ್‌ನ ಮಿತಿಗೆ ಇಳಿಸದೆ ಕೀಲಿ ಒತ್ತಬಾರದು. ಹಳೆಯ ರಾಳಗಳಲ್ಲಿ ಕೆಲವು ಮೆಥನಾಲ್, ಅಸಿಟೊನೈಟ್ರೈಲ್‌ಗಳಂಥ ದ್ರಾವಕಗಳನ್ನು ಸಹಿಸುವುದಿಲ್ಲ. ಹೊಸದನ್ನು ತೊಳೆಯುವ ರೀತಿಯಲ್ಲಿ ಹಳೆಯದನ್ನು ತೊಳೆದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಮೇಲಿನ ಚೀಟಿಯಲ್ಲಿರುವ ಹೆಸರನ್ನು ಓದಿ, ಅದೇ ಹೆಸರಿನ ಕೈಪಿಡಿಯನ್ನು ತೆಗೆದು ನೋಡುವುದೊಂದೇ ದಾರಿ.

ಹಾಗಾದರೆ ಹಳೆಯ ಕಾಲಮ್‌ಗೆ ಜೀವ ಇದೆಯೇ ಎಂದು ತಿಳಿಯುವುದು ಹೇಗೆ? ಕಾರ್ಖಾನೆಯಿಂದ ಬರುವಾಗ ಕಾಲಮ್ ಜೊತೆ ಅದರ ಪರೀಕ್ಷಾಪತ್ರವೂ ಬಂದಿರುತ್ತದೆ. ಅದು ಕಾಲಮ್‌ನ ಜಾತಕ. ಮೊದಲು ಹೊರತುದಿಯನ್ನು ಸಪ್ರೆಸರ್‌ಗೆ ಜೋಡಿಸದೆ, ನಿಧಾನ ಹರಿವಿನಲ್ಲಿ ತೊಳೆದು ಆ ನೀರನ್ನು ಚೆಲ್ಲಬೇಕು. ಇಲ್ಲವಾದರೆ ವರ್ಷಗಳ ಕೊಳೆಯೆಲ್ಲ ಮುಂದಿನ ಭಾಗಗಳಿಗೆ ಹೋಗಿ ಸೇರುತ್ತದೆ. ಅನಂತರ ಜಾತಕದಲ್ಲಿ ಹೇಳಿದ ದ್ರವ, ಹೇಳಿದ ಹರಿವು, ಹೇಳಿದ ಪ್ರಮಾಣಿತ ದ್ರಾವಣವನ್ನೇ ಬಿಟ್ಟು, ಅಂದಿನ ಚಿತ್ರ ಮತ್ತು ಇಂದಿನ ಚಿತ್ರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಶಿಖರಗಳು ಎಷ್ಟು ಮುಂಚೆ ಬರುತ್ತಿವೆ? ಫ್ಲೋರೈಡ್ ತಗ್ಗಿನಿಂದ ಬೇರೆಯಾಗಿ ನಿಂತಿದೆಯೇ? ಬಾಲ ಎಳೆಯುತ್ತಿವೆಯೇ? ಒತ್ತಡ ಏರಿದೆಯೇ? ಹೊಂದಾಣಿಕೆಯಾದರೆ ಎಲ್ಲ ಅಯಾನುಗಳಿಗೂ, ಒಂದನ್ನೂ ಬಿಡದೆ, ಹೊಸದಾಗಿ ಅಳತೆಗೆರೆ ಹಾಕಬೇಕು. ಫ್ಲೋರೈಡ್‌ಗೆ ಆ ಗೆರೆ ಕಾನೂನಿನ ಗೆರೆಯಾದ 1 ಮತ್ತು 1.5ರ ಸುತ್ತಮುತ್ತ ಚೆನ್ನಾಗಿರಬೇಕು.

ಇಷ್ಟಾದ ಮೇಲೂ ನಿಜವಾದ ಪರೀಕ್ಷೆ ಬಾಕಿ ಇದೆ. ಅದು ಬೆರೆಸಿ ನೋಡುವ ಪರೀಕ್ಷೆ. ಬಾವಿಯ ನೀರು 0.8 ತೋರಿಸಿತೆನ್ನೋಣ. ಅದಕ್ಕೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಬೆರೆಸಿದರೆ 1.8 ಬರಬೇಕು. 1.7 ಅಥವಾ 1.9 ಬಂದರೆ ಹಾಕಿದ್ದರಲ್ಲಿ ನೂರಕ್ಕೆ ತೊಂಬತ್ತರಿಂದ ನೂರಹತ್ತು ಪಾಲು ಸಿಕ್ಕಿದಂತೆ, ಒಪ್ಪಬಹುದು. 1.2 ಬಂದರೆ ಆ ಕಾಲಮ್ ಆ ನೀರಿಗೆ ತಕ್ಕುದಲ್ಲ. ಪ್ರತಿ ಹತ್ತು ಮಾದರಿಗೊಮ್ಮೆ ಗೊತ್ತಿರುವ ದ್ರಾವಣವೊಂದನ್ನು ನಡುವೆ ಬಿಟ್ಟು ನೋಡಬೇಕು. ಹತ್ತರಲ್ಲಿ ಒಂದನ್ನಾದರೂ 1966ರಿಂದ ಬಳಕೆಯಲ್ಲಿರುವ ಫ್ಲೋರೈಡ್ ವಿದ್ಯುದಗ್ರದಂಥ ಬೇರೆ ವಿಧಾನದಿಂದ ತಾಳೆ ನೋಡಬೇಕು. ಹೊಸ ಕಾಲಮ್‌ಗೂ ಇದೆಲ್ಲ ಬೇಕು ಎಂಬುದು ಬೇರೆ ಮಾತು. ಹಳೆಯದಕ್ಕಂತೂ ಇದಿಲ್ಲದೆ ಆಗದು.

ಈ ಪರೀಕ್ಷೆಯಲ್ಲಿ ಸೋತ ಕಾಲಮ್‌ನ ಮೇಲೆ ಮಮತೆ ಬೇಡ. ಅದು ವಿದ್ಯಾರ್ಥಿಗಳ ಕಲಿಕೆಗೆ ಇರಲಿ. ಹನುಮನಮಟ್ಟಿಯ ಕೃಷಿ ಕಾಲೇಜಿನಲ್ಲಿಯೋ ರಾಣೆಬೆನ್ನೂರು, ಹಾವೇರಿಯ ವಿಜ್ಞಾನ ಕಾಲೇಜುಗಳಲ್ಲಿಯೋ ಓದುವ ಹುಡುಗ ಹುಡುಗಿಯರು ತಿರುಪು ಬಿಚ್ಚಿ, ಜೋಡಿಸಿ, ಶಿಖರ ಕೆಡುವುದು ಹೇಗೆಂದು ಕಣ್ಣಾರೆ ಕಂಡು ಕಲಿಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಕೆಟ್ಟ ಕಾಲಮ್‌ನಿಂದ ಪಾಠ ಕಲಿಯಬಹುದು. ಊರಿಗೆ ವರದಿ ಕೊಡಬಾರದು.

ನನ್ನ ಅಭಿಪ್ರಾಯವನ್ನು ಚುಟುಕಾಗಿ ಹೇಳುವುದಾದರೆ ಹೀಗೆ: ಹಳೆಯದನ್ನು ಬಳಸುವುದು ಅಗ್ಗದ ದಾರಿಯಲ್ಲ, ಶ್ರಮದ ದಾರಿ. ಹೊಸ ಕಾಲಮ್‌ಗೆ ಹಣ ಕೊಡುತ್ತೇವೆ. ಹಳೆಯ ಕಾಲಮ್‌ಗೆ ನಮ್ಮ ವೇಳೆ, ಎಚ್ಚರ, ಲೆಕ್ಕದ ಪುಸ್ತಕ ಕೊಡಬೇಕು. ಎರಡರಲ್ಲಿ ಯಾವುದನ್ನೂ ಕೊಡಲಾರೆವೆಂದರೆ ಆ ಬೆಲೆಯನ್ನು ಮಕ್ಕಳ ಹಲ್ಲು, ಮುದುಕರ ಕೀಲುಗಳು ತೆರುತ್ತವೆ. ಮರುಬಳಕೆ ನಮ್ಮ ಚಳವಳಿಯ ಮೂಲಮಂತ್ರಗಳಲ್ಲೊಂದು. ಅದು ಅಜಾಗ್ರತೆಗೆ ಹೊದಿಸುವ ಹಸಿರು ಶಾಲು ಆಗಬಾರದು. ಹಾಗೆಯೇ, ಯಂತ್ರ ಹೊಸದೆಂಬ ಒಂದೇ ಕಾರಣಕ್ಕೆ ಅದರ ಅಂಕಿಯನ್ನು ನಂಬುವುದೂ ಕುರುಡು ಭಕ್ತಿಯೇ. ನಮ್ಮ ಯಂತ್ರ ಹೊಸದಾಗಿಯೇ ಇತ್ತು. ನಾವು ಕೈಯಾರೆ ಹಾಕಿದ ಫ್ಲೋರೈಡನ್ನು ಇಲ್ಲವೆಂದದ್ದು ಅದೇ.

ಹಳ್ಳಿಯವರು ಏನು ಮಾಡಬೇಕು? 2019ರಲ್ಲಿ ಆರಂಭವಾದ ಜಲಜೀವನ ಮಿಷನ್, ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಬೇಕೆಂದು ಹೇಳಿದೆ. ಕಿಟ್‌ನ ಬಣ್ಣ ಒಂದು ಮಾತು ಹೇಳಿ, ಪ್ರಯೋಗಾಲಯದ ಕಾಗದ ಇನ್ನೊಂದು ಹೇಳಿದರೆ, "ದೊಡ್ಡ ಯಂತ್ರದ ಮಾತೇ ಸರಿ" ಎಂದು ಸುಮ್ಮನಾಗಬೇಡಿ. ಮರುಪರೀಕ್ಷೆ ಕೇಳಿ. ವರದಿ ಕೈಗೆ ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳಿ. ಈ ಕಾಲಮ್ ಯಾವುದು, ಎಂದಿನಿಂದ ಬಳಕೆಯಲ್ಲಿದೆ? ನಮ್ಮ ನೀರಿನ ದಿನ ಗೊತ್ತಿರುವ ದ್ರಾವಣ ಬಿಟ್ಟಿದ್ದಿರಾ, ಅದು ಎಷ್ಟು ತೋರಿಸಿತು? ನಮ್ಮ ನೀರಿಗೇ ಬೆರೆಸಿ ನೋಡಿದಿರಾ, ಎಷ್ಟು ಪಾಲು ಮರಳಿ ಸಿಕ್ಕಿತು? "ಪತ್ತೆಯಾಗಿಲ್ಲ" ಎಂದರೆ ಎಷ್ಟಕ್ಕಿಂತ ಕಡಿಮೆ? ನೈಟ್ರೇಟ್ ಎಂದು ಬರೆದದ್ದು ಇಡೀ ನೈಟ್ರೇಟೋ, ಅದರಲ್ಲಿನ ಸಾರಜನಕ ಮಾತ್ರವೋ? ಇಡೀ ನೈಟ್ರೇಟಿನ 45 ಮಿಲಿಗ್ರಾಂ ಎಂದರೆ ಸಾರಜನಕದ ಲೆಕ್ಕದಲ್ಲಿ ಸುಮಾರು 10. ಈ ಗೊಂದಲದಿಂದಲೇ ಕೆಟ್ಟ ನೀರು ಒಳ್ಳೆಯದಾಗಿ ಕಾಣಬಹುದು. ಈ ಪ್ರಶ್ನೆ ಕೇಳಲು ಡಾಕ್ಟರೇಟ್ ಬೇಕಿಲ್ಲ. ಉತ್ತರಿಸುವುದು ನಮ್ಮ ಕರ್ತವ್ಯ.

ನಮ್ಮ ಬೇಡಿಕೆ ಸರಳ. ನೀರಿನ ಪ್ರತಿ ವರದಿಯ ಕೆಳಗೆ ಈ ವಿವರಗಳು ಅಚ್ಚಾಗಲಿ. ಪ್ರಯೋಗಾಲಯಗಳಿಗೆ ಯಂತ್ರ ಕೊಳ್ಳಲು ಹಣ ಕೊಡುವಾಗಲೇ ಕಾಲಮ್, ಕಾವಲು ಕಾಲಮ್, ಪ್ರಮಾಣಿತ ದ್ರಾವಣಗಳಿಗೂ ವರ್ಷವರ್ಷದ ಹಣ ತೆಗೆದಿಡಲಿ. ಎತ್ತು ಕೊಂಡು ಮೇವಿಗೆ ಹಣವಿಲ್ಲವೆಂದರೆ ರೈತ ನಗುತ್ತಾನೆ. ಪ್ರಯೋಗಾಲಯಗಳಲ್ಲಿ ನಾವು ಮಾಡುತ್ತಿರುವುದು ಅದನ್ನೇ.

ಆ ಹಳೆಯ ಕಾಲಮ್ ಅನಂತರ ಏನಾಯಿತು ಎಂದು ನೀವು ಕೇಳಬಹುದು. ಅದರದೇ ಹದದ ದ್ರವ, ಅದರದೇ ಹರಿವು, ಅದರದೇ ಅಳತೆಗೆರೆ ಕೊಟ್ಟ ಮೇಲೆ ಅದು ಮುಂದಿನ ಅನುದಾನ ಬರುವವರೆಗೆ ಚೆನ್ನಾಗಿಯೇ ದುಡಿಯಿತು. ಜೀವ ಇತ್ತು. ಬೆರೆಸಿ ನೋಡುವ ಪರೀಕ್ಷೆಯ ಫಲಿತಾಂಶವನ್ನು ನಾವು ಪ್ರತಿದಿನ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೆವು. ಅಂಗನವಾಡಿಯ ಅಕ್ಕೋರು ಮುಂದಿನ ಬಾರಿ ಬಾಟಲಿ ತಂದಾಗ ವರದಿಗಿಂತ ಮೊದಲು ಆ ಪುಸ್ತಕವನ್ನೇ ತರಿಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು ಓದಿದರು. ಕಾರಣಿಕಕ್ಕೆ ಅರ್ಥ ಹಚ್ಚುವುದು ಜನರ ಹಕ್ಕು. ನೀರಿನ ಅಂಕಿಗೆ ಆಧಾರ ಕೇಳುವುದೂ ಅವರ ಹಕ್ಕು. ಮುಂದಿನ ಆಯುಧಪೂಜೆಗೆ ಯಂತ್ರದ ಜೊತೆ ಆ ನೋಟುಪುಸ್ತಕಕ್ಕೂ ನಾವು ಕುಂಕುಮ ಹಚ್ಚಿದೆವು.